ಸಂಶೋಧನ ಸಂಸ್ಥೆಯ ತ್ರಿವಿಧ ಕಾರ್ಯ: ಪುಣೆಯ ಭಾಂಡಾರಕರ ಮಂದಿರವೂ ವಚನಗಳ ಸಂಪಾದನೆಯೂ

ಮಾನವಿಕ ವಿದ್ಯೆಗಳ ಸಂಶೋಧನೆಗಾಗಿ ಸ್ಥಾಪಿತವಾದ ಯಾವುದೇ ಸಂಸ್ಥೆಯ ವಾರ್ಷಿಕ ವರದಿಯನ್ನು ತೆರೆದರೂ ಅದರಲ್ಲಿ ಮುಖ್ಯವಾಗಿ ಮೂರು ಭಾಗಗಳು ಕಾಣುತ್ತವೆ. ನಡೆದುಹೋದ ಗೋಷ್ಠಿ, ಉಪನ್ಯಾಸ, ಸಮ್ಮೇಳನಗಳ ವಿವರ ಮೊದಲನೆಯದು. ವಿದ್ವಾಂಸರಿಗೆ ನೀಡಿದ ಸಂಶೋಧನ ವೇತನಗಳ, ಅಂದರೆ ಫೆಲೋಶಿಪ್ಪುಗಳ, ವಿವರ ಎರಡನೆಯದು. ಆ ವರ್ಷ ಹೊರಬಂದ ಗ್ರಂಥಗಳ ಯಾದಿ ಮೂರನೆಯದು. ಮೂರೂ ಅವಶ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಮೂರರ ಪರಸ್ಪರ ಸಂಬಂಧವೇನು, ಇವುಗಳಲ್ಲಿ ಯಾವುದು ಯಾವುದಕ್ಕಾಗಿ ಇದೆ, ಯಾವುದರಿಂದ ಸಂಸ್ಥೆಯ ಬೆಲೆಯನ್ನು ಕಟ್ಟಬೇಕು ಎಂಬ ಪ್ರಶ್ನೆಗಳನ್ನು ನಾವು ಕೇಳುವುದು ವಿರಳ. ಸಮ್ಮೇಳನದ ಮಂಟಪ ಎಲ್ಲರ ಕಣ್ಣಿಗೂ ಬೀಳುತ್ತದೆ. ಹಸ್ತಪ್ರತಿಯ ಮುಂದೆ ತಲೆಬಾಗಿ ಕುಳಿತ ವಿದ್ವಾಂಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಕಾಣುವುದನ್ನೇ ಹಿರಿದೆಂದು ಭಾವಿಸುವ ಅಪಾಯ ಸದಾ ಇದ್ದೇ ಇರುತ್ತದೆ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಇತಿಹಾಸವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಮರ್ಶಿಸುವುದೂ, ಅದರಿಂದ ವಚನ ವಾಙ್ಮಯದ ಅಭ್ಯಾಸಿಗಳು ಕಲಿಯಬೇಕಾದುದೇನೆಂಬುದನ್ನು ಪರಿಶೀಲಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

ಈ ಮೂರು ಕಾರ್ಯಗಳು ನಮ್ಮ ಪರಂಪರೆಗೆ ತೀರ ಹೊಸವೇನೂ ಅಲ್ಲ. ಗೋಷ್ಠಿಯೆಂದೊಡನೆ ಶರಣರ ಅನುಭವಗೋಷ್ಠಿ ನೆನಪಾಗುತ್ತದೆ. ವಿದ್ವಾಂಸನು ಜೀವನೋಪಾಯದ ಚಿಂತೆಯಿಲ್ಲದೆ ತನ್ನ ವಿಷಯದಲ್ಲಿ ತೊಡಗುವುದಕ್ಕೆ ಕಾಯಕದ ನಿಷ್ಠೆ ಬೇಕು. ಪಡೆದ ಜ್ಞಾನವನ್ನು ಗ್ರಂಥರೂಪದಲ್ಲಿ ಸಮಾಜಕ್ಕೆ ಅರ್ಪಿಸುವುದು ದಾಸೋಹದ ಒಂದು ರೂಪ. ಆಧುನಿಕ ಸಂಶೋಧನ ಸಂಸ್ಥೆಯನ್ನು ಶರಣರು ಮೊದಲೇ ಕಲ್ಪಿಸಿದ್ದರೆಂದು ಹೇಳುವ ಅತಿಶಯೋಕ್ತಿ ಇಲ್ಲಿ ಉದ್ದಿಷ್ಟವಲ್ಲ. ಅಳೆಯಲು ನಮ್ಮಲ್ಲಿಯೇ ಒಂದು ಮಾನದಂಡವಿದೆ ಎಂಬುದಷ್ಟೇ ತಾತ್ಪರ್ಯ. ಕಾಯಕವಿಲ್ಲದ ಗೋಷ್ಠಿ ಬರಿಯ ಮಾತು. ದಾಸೋಹವಾಗಿ ಪರಿಣಮಿಸದ ಕಾಯಕ ಸ್ವಂತದ ಸಂಚಯ. ಈ ಅಳತೆಗೋಲನ್ನು ಹಿಡಿದು ಪುಣೆಯ ಸಂಸ್ಥೆಯತ್ತ ನೋಡೋಣ.

ಡಾ. ರಾಮಕೃಷ್ಣ ಗೋಪಾಲ ಭಾಂಡಾರಕರರ ಎಂಬತ್ತನೆಯ ಹುಟ್ಟುಹಬ್ಬದ ದಿನ, ಅಂದರೆ 1917ರ ಜುಲೈ 6ರಂದು, ಈ ಮಂದಿರವು ಸ್ಥಾಪನೆಗೊಂಡಿತು. ಭಾಂಡಾರಕರರು ತಮ್ಮ ಗ್ರಂಥಭಂಡಾರವನ್ನು ಅದಕ್ಕೆ ಒಪ್ಪಿಸಿದರು. ಮರುವರ್ಷ ಮುಂಬಯಿ ಸರಕಾರವು ಡೆಕ್ಕನ್ ಕಾಲೇಜಿನಲ್ಲಿದ್ದ ತನ್ನ ಅಮೂಲ್ಯವಾದ ಹಸ್ತಪ್ರತಿ ಸಂಗ್ರಹವನ್ನು ಈ ಸಂಸ್ಥೆಯ ವಶಕ್ಕೆ ಕೊಟ್ಟಿತು. ಸಂಸ್ಥೆಯ ಜನನಕ್ಕೆ ಕಾರಣವಾದದ್ದು ಒಂದು ಅಭಿನಂದನ ಸಂದರ್ಭ ಎಂಬುದನ್ನು ಗಮನಿಸಬೇಕು. ಹಿರಿಯ ವಿದ್ವಾಂಸರೊಬ್ಬರಿಗೆ ಶಾಲು ಹೊದಿಸಿ, ಒಂದು ಗ್ರಂಥವನ್ನು ಅರ್ಪಿಸಿ ಮುಗಿಸಬಹುದಾಗಿದ್ದ ಸಮಾರಂಭವನ್ನು ಅವರ ಶಿಷ್ಯರೂ ಅಭಿಮಾನಿಗಳೂ ಒಂದು ಶಾಶ್ವತ ಸಂಸ್ಥೆಯನ್ನಾಗಿ ಪರಿವರ್ತಿಸಿದರು. ನಮ್ಮಲ್ಲಿ ಅಭಿನಂದನ ಗ್ರಂಥಗಳಿಗೆ ಕೊರತೆಯಿಲ್ಲ. ಅಭಿನಂದನೆಯನ್ನು ಸಂಸ್ಥೆಯಾಗಿಸಿದ ಉದಾಹರಣೆಗಳು ಮಾತ್ರ ಕಡಿಮೆ.

ವೀರಶೈವ ಸಾಹಿತ್ಯದ ಅಭ್ಯಾಸಿಗಳಿಗೆ ಭಾಂಡಾರಕರರ ಹೆಸರು ಅಪರಿಚಿತವೇನಲ್ಲ. ವೈಷ್ಣವ, ಶೈವ ಮತ್ತು ಇತರ ಧರ್ಮಪಂಥಗಳನ್ನು ಕುರಿತು ಅವರು 1913ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವೀರಶೈವರನ್ನು ಕುರಿತು ಪ್ರತ್ಯೇಕವಾದ ಭಾಗವಿದೆ. ಬಸವಣ್ಣನವರ ಚರಿತ್ರೆಯ ಚರ್ಚೆಯೂ ಅಲ್ಲಿದೆ. ಆ ಬರವಣಿಗೆ ಅಂದಿನ ಕಾಲಕ್ಕೆ ಮಹತ್ವದ್ದೇ ಸರಿ. ಆದರೆ ಅವರು ಆಧರಿಸಿದ್ದು ಮುಖ್ಯವಾಗಿ ಪುರಾಣಗಳನ್ನು, ಸಂಸ್ಕೃತ ಗ್ರಂಥಗಳನ್ನು ಮತ್ತು ಶಾಸನಗಳನ್ನು. ಶರಣರ ಸ್ವಂತ ಮಾತಾದ ವಚನ ವಾಙ್ಮಯವು ತನ್ನ ವಿಸ್ತಾರದಲ್ಲಿ ವಿದ್ವತ್ ಪ್ರಪಂಚದ ಎದುರಿಗೆ ಬರತೊಡಗಿದ್ದು ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದ ಮೇಲೆ. ಅಷ್ಟು ದೊಡ್ಡ ವಿದ್ವಾಂಸರೂ ಮೂಲ ಆಕರಗಳು ಮುದ್ರಣಗೊಳ್ಳುವ ಮೊದಲೇ ಬರೆಯಬೇಕಾಗಿ ಬಂದುದರಿಂದ, ಶರಣರನ್ನು ಶರಣರ ಮಾತಿನ ಮೂಲಕವಲ್ಲದೆ ಇತರರ ಮಾತಿನ ಮೂಲಕ ಕಾಣಬೇಕಾಯಿತು. ಇದು ಅವರ ದೋಷವಲ್ಲ. ಆಕರವು ಶುದ್ಧವಾಗಿ ಪ್ರಕಟವಾಗದಿದ್ದರೆ ಎಂಥ ಪಾಂಡಿತ್ಯವೂ ಅರ್ಧ ದಾರಿಯಲ್ಲಿ ನಿಲ್ಲುತ್ತದೆ ಎಂಬ ಸತ್ಯಕ್ಕೆ ಇದು ನಿದರ್ಶನ. ಪ್ರಕಟಣೆಯ ಪ್ರಾಶಸ್ತ್ಯವನ್ನು ಮನಗಾಣಲು ವೀರಶೈವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ.

ಪುಣೆಯ ಸಂಸ್ಥೆಯನ್ನು ಜಗತ್ತು ಅರಿತದ್ದು ಅದರ ಮಹಾಭಾರತ ಸಂಶೋಧಿತ ಆವೃತ್ತಿಯಿಂದ. ಇಂಥ ಆವೃತ್ತಿಯೊಂದು ಬೇಕೆಂದು ವಿಂಟರ್ನಿಟ್ಸ್ ಎಂಬ ವಿದ್ವಾಂಸರು 1897ರಲ್ಲಿಯೇ ಪ್ಯಾರಿಸಿನಲ್ಲಿ ಸೇರಿದ ಪ್ರಾಚ್ಯವಿದ್ವಾಂಸರ ಸಮ್ಮೇಳನದಲ್ಲಿ ಸೂಚಿಸಿದ್ದರು. ಯುರೋಪಿನ ಅಕಾಡೆಮಿಗಳು ಕೈಗೊಂಡ ಯೋಜನೆ ಮೊದಲನೆಯ ಮಹಾಯುದ್ಧದ ಕಾಲಕ್ಕೆ ನಿಂತುಹೋಯಿತು. ಆ ಭಾರವನ್ನು ಆಗತಾನೆ ಹುಟ್ಟಿದ ಪುಣೆಯ ಸಂಸ್ಥೆ ಹೊತ್ತುಕೊಂಡಿತು. ಔಂಧ ಸಂಸ್ಥಾನದ ಅಧಿಪತಿಗಳು ಒಂದು ಲಕ್ಷ ರೂಪಾಯಿಗಳ ನೆರವಿನ ವಚನವಿತ್ತರು. 1919ರ ಏಪ್ರಿಲ್ 1ರಂದು ಕಾರ್ಯಾರಂಭವಾಯಿತು. 1923ರಲ್ಲಿ ಎನ್. ಬಿ. ಉಟಗೀಕರರು ವಿರಾಟಪರ್ವದ ತಾತ್ಪೂರ್ತಿಕ ಆವೃತ್ತಿಯೊಂದನ್ನು ವಿದ್ವಾಂಸರ ಪರಾಮರ್ಶೆಗೆಂದು ಹೊರತಂದರು. 1925ರಲ್ಲಿ ವಿಷ್ಣು ಸೀತಾರಾಮ ಸುಖಠಣಕರರು ಪ್ರಧಾನ ಸಂಪಾದಕರಾದ ಮೇಲೆ ಕೆಲಸಕ್ಕೆ ಶಾಸ್ತ್ರೀಯವಾದ ತಳಹದಿ ದೊರೆಯಿತು. 1933ರಲ್ಲಿ ಆದಿಪರ್ವ ಪೂರ್ಣವಾಯಿತು. ಕೊನೆಯ ಪರ್ವಗಳು ಮುಗಿದು ಇಡೀ ಗ್ರಂಥವನ್ನು ರಾಷ್ಟ್ರಪತಿ ಡಾ. ರಾಧಾಕೃಷ್ಣನ್ ಅವರು ಲೋಕಾರ್ಪಣೆ ಮಾಡಿದ್ದು 1966ರ ಸೆಪ್ಟೆಂಬರಿನಲ್ಲಿ. ಒಟ್ಟು 47 ವರ್ಷಗಳ ಕೆಲಸ; ಪರಿಶೀಲಿಸಿದ ಹಸ್ತಪ್ರತಿಗಳು 1,259; ಸಂಪುಟಗಳು 19; ಪುಟಗಳು 13,000ಕ್ಕೂ ಮಿಕ್ಕು.

ಈ ಅಂಕಿಗಳಿಗಿಂತಲೂ ಮುಖ್ಯವಾದುದು ಕೆಲಸದ ಕ್ರಮ. ಒಂದೊಂದು ಶ್ಲೋಕವನ್ನೂ ಹಾಳೆಯ ಮೇಲೆ ಬರೆದುಕೊಂಡು, ಒಂದೊಂದು ಹಸ್ತಪ್ರತಿಯಲ್ಲಿ ಅದು ಹೇಗಿದೆಯೆಂಬುದನ್ನು ಅಕ್ಷರ ಅಕ್ಷರವಾಗಿ ಅದರ ಕೆಳಗೆ ನಮೂದಿಸಲಾಗುತ್ತಿತ್ತು. ಶಾರದಾ, ನೇಪಾಳಿ, ಮೈಥಿಲಿ, ಬಂಗಾಳಿ, ದೇವನಾಗರಿ, ತೆಲುಗು, ಗ್ರಂಥ, ಮಲಯಾಳ ಮೊದಲಾದ ಲಿಪಿಗಳನ್ನು ಓದಬಲ್ಲವರು ಬೇಕಾಗಿದ್ದರು. ಎಲ್ಲ ಪ್ರತಿಗಳನ್ನೂ ಪುಣೆಗೆ ತರಿಸುವುದು ಸಾಧ್ಯವಿಲ್ಲದ್ದರಿಂದ ಶಾಂತಿನಿಕೇತನದಲ್ಲಿ ಹಾಗೂ ತಂಜಾವೂರಿನಲ್ಲಿ ಪ್ರತಿಗಳನ್ನು ತಾಳೆನೋಡುವ ಉಪಕೇಂದ್ರಗಳನ್ನು ಏರ್ಪಡಿಸಲಾಯಿತು. ಸ್ವೀಕೃತ ಪಾಠವು ಮೇಲೆ, ಪಾಠಾಂತರಗಳು ಕೆಳಗೆ, ದೀರ್ಘವಾದ ಅಧಿಕ ಪಾಠಗಳು ಅನುಬಂಧದಲ್ಲಿ. ಸಂಪಾದಕನು ಯಾವುದನ್ನೂ ಎಸೆಯಲಿಲ್ಲ. ಯಾವುದನ್ನು ಏಕೆ ಕೆಳಗಿಳಿಸಿದನೆಂಬುದನ್ನು ಓದುಗನು ಸ್ವತಃ ಪರೀಕ್ಷಿಸಿ ನೋಡುವಂತೆ ಇರಿಸಿದನು. ತಮ್ಮ ಪಾಠವು ವ್ಯಾಸರ ಸ್ವಹಸ್ತದ ಪ್ರತಿಯೆಂದು ಸುಖಠಣಕರರು ಎಂದೂ ಹೇಳಿಕೊಳ್ಳಲಿಲ್ಲ. ದೊರೆತ ಹಸ್ತಪ್ರತಿಗಳ ನೆರವಿನಿಂದ ತಲುಪಬಹುದಾದಷ್ಟು ಪ್ರಾಚೀನವಾದ ರೂಪವೆಂಬುದಷ್ಟೇ ಅವರ ಪ್ರತಿಪಾದನೆಯಾಗಿತ್ತು. ಈ ವಿನಯವೇ ಆ ಆವೃತ್ತಿಯ ಬಲ.

ಈಗ ಗೋಷ್ಠಿಯ ಮಾತು. ಮಹಾಭಾರತದ ಕೆಲಸ ಪ್ರಾರಂಭವಾದ ವರ್ಷವೇ, ಅಂದರೆ 1919ರ ನವೆಂಬರಿನಲ್ಲಿ, ಅಖಿಲ ಭಾರತ ಪ್ರಾಚ್ಯವಿದ್ಯಾ ಪರಿಷತ್ತಿನ ಪ್ರಥಮ ಅಧಿವೇಶನವನ್ನು ಈ ಸಂಸ್ಥೆ ಪುಣೆಯಲ್ಲಿ ನಡೆಸಿತು. ಭಾಂಡಾರಕರರೇ ಅಧ್ಯಕ್ಷರು. ಅನಂತರ ಆ ಪರಿಷತ್ತು ದೇಶದ ಬೇರೆ ಬೇರೆ ನಗರಗಳಲ್ಲಿ ಸೇರುತ್ತ ಬಂದಿತು. 1935ರಲ್ಲಿ ಮೈಸೂರಿನಲ್ಲಿಯೂ 1976ರಲ್ಲಿ ಧಾರವಾಡದಲ್ಲಿಯೂ ಸೇರಿತು. ದೂರದೂರದ ವಿದ್ವಾಂಸರು ಒಂದೆಡೆ ಕಲೆತು ತಮ್ಮ ತಮ್ಮ ಕೆಲಸವನ್ನು ಪರಸ್ಪರರ ಪರೀಕ್ಷೆಗೆ ಒಡ್ಡುವುದಕ್ಕೆ ಇದೊಂದು ಅವಕಾಶವಾಯಿತು. ಗೋಷ್ಠಿಯ ಹಿಂದೆ ಕೆಲಸವೊಂದು ನಡೆಯುತ್ತಿರುವಾಗ ಅಲ್ಲಿ ಆಡುವ ಮಾತಿಗೆ ತೂಕ ಬರುತ್ತದೆ. 1919ರಿಂದ ಹೊರಬರುತ್ತಿರುವ ಸಂಸ್ಥೆಯ ಸಂಶೋಧನ ಪತ್ರಿಕೆಯೂ ಇಂಥ ಪರೀಕ್ಷೆಯ ಇನ್ನೊಂದು ವೇದಿಕೆಯಾಯಿತು. ಪ್ರಕಟವಾದ ಭಾಗಗಳ ಮೇಲೆ ಬಂದ ಆಕ್ಷೇಪಗಳಿಗೆ ಸುಖಠಣಕರರು ಅದೇ ಪತ್ರಿಕೆಯಲ್ಲಿ ಲೇಖನಗಳ ಮೂಲಕ ಉತ್ತರ ಕೊಡುತ್ತಿದ್ದರು. 1942ರಲ್ಲಿ ಅವರು ಮಹಾಭಾರತದ ಅರ್ಥವನ್ನು ಕುರಿತು ಮುಂಬಯಿಯಲ್ಲಿ ಉಪನ್ಯಾಸಮಾಲೆಯನ್ನು ಕೈಗೊಂಡರು. ಅದು ಮುಗಿಯುವ ಮೊದಲೇ 1943ರ ಜನವರಿಯಲ್ಲಿ ಲಿಂಗೈಕ್ಯರಾದ ಹಿರಿಯರಂತೆ ಕೆಲಸದ ನಡುವೆಯೇ ಕಣ್ಮರೆಯಾದರು. ಆ ಉಪನ್ಯಾಸಗಳು 1957ರಲ್ಲಿ ಗ್ರಂಥವಾಗಿ ಬಂದವು. ಹದಿನೆಂಟು ವರ್ಷ ಪಾಠಾಂತರಗಳ ನಡುವೆ ಬದುಕಿದವರು ಅರ್ಥದ ವಿಷಯವಾಗಿ ಬಾಯಿತೆರೆದದ್ದು ಕೊನೆಯಲ್ಲಿ. ಮೊದಲು ಪಾಠ, ಆಮೇಲೆ ಅರ್ಥ ಎಂಬ ಈ ಕ್ರಮವನ್ನು ಸಾಹಿತ್ಯದ ವಿದ್ಯಾರ್ಥಿಗಳು ಮರೆಯಲಾಗದು.

ವಿದ್ವಾಂಸರ ಪೋಷಣೆಯ ವಿಷಯದಲ್ಲಿ ಪುಣೆಯ ರೀತಿ ಸರಳವಾದುದು. ಅಲ್ಲಿ ಕೆಲಸ ಮೊದಲು ನಿಶ್ಚಿತವಾಯಿತು. ಕೆಲಸಕ್ಕೆ ತಕ್ಕವರನ್ನು ಹುಡುಕಲಾಯಿತು. ವಿರಾಟಪರ್ವ ರಘುವೀರರಿಗೆ, ಉದ್ಯೋಗಪರ್ವ ಬಂಗಾಳದ ಸುಶೀಲಕುಮಾರ ಡೇ ಅವರಿಗೆ, ಸಭಾಪರ್ವ ಅಮೆರಿಕದ ಫ್ರಾಂಕ್ಲಿನ್ ಎಡ್ಜರ್ಟನ್ ಅವರಿಗೆ, ಭೀಷ್ಮಪರ್ವ ಶ್ರೀಪಾದ ಕೃಷ್ಣ ಬೇಲ್ವಲಕರರಿಗೆ ಹೀಗೆ ಹಂಚಿಕೆಯಾಯಿತು. ಸುಖಠಣಕರರ ನಂತರ ಬೇಲ್ವಲಕರರೂ ಅವರ ನಂತರ ಪ. ಲ. ವೈದ್ಯರೂ ಪ್ರಧಾನ ಸಂಪಾದಕರಾದರು. ಪ್ರಾರಂಭಿಸಿದವರು ಮುಗಿಸಲಿಲ್ಲ, ಮುಗಿಸಿದವರು ಪ್ರಾರಂಭಿಸಿದವರಲ್ಲ. ಒಬ್ಬರು ಇಟ್ಟ ಕಡತವನ್ನು ಇನ್ನೊಬ್ಬರು ಎತ್ತಿಕೊಂಡು ಅದೇ ಕ್ರಮದಲ್ಲಿ ಮುಂದುವರಿಸುವಂತಿದ್ದರೆ ಮಾತ್ರ ಅದಕ್ಕೆ ಸಂಸ್ಥೆಯೆಂಬ ಹೆಸರು ಸಲ್ಲುತ್ತದೆ. ಹೊರಗಿನಿಂದ ಬರುವ ವಿದ್ವಾಂಸರ ವಸತಿಗಾಗಿ ಹೈದರಾಬಾದಿನ ನಿಜಾಮರ ಧನದಿಂದ ಅತಿಥಿಗೃಹವೊಂದು ಅಲ್ಲಿ ನಿರ್ಮಾಣವಾಯಿತು. ಮಹಾಭಾರತದ ಕಾರ್ಯಕ್ಕೆ ಮುಸ್ಲಿಂ ಅರಸರೊಬ್ಬರು ನೆರಳು ಕೊಟ್ಟರೆಂಬುದು ನಮ್ಮ ದೇಶದ ವಿದ್ಯಾಸಂಸ್ಕೃತಿಯ ಒಂದು ಗೌರವದ ಪುಟ.

ಇದಕ್ಕೆ ಭಿನ್ನವಾದ ಇನ್ನೊಂದು ಮಾದರಿ ಸಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯದು. ವೈಸರಾಯರ ನಿವಾಸವಾಗಿ 1888ರಲ್ಲಿ ಪೂರ್ಣಗೊಂಡು, ಸ್ವಾತಂತ್ರ್ಯಾನಂತರ ರಾಷ್ಟ್ರಪತಿ ನಿವಾಸವಾಗಿದ್ದ ಭವನವನ್ನು ಡಾ. ರಾಧಾಕೃಷ್ಣನ್ ಅವರು ವಿದ್ವಾಂಸರಿಗೆ ಬಿಟ್ಟುಕೊಟ್ಟರು. 1965ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ನೀಹಾರರಂಜನ ರಾಯ್ ಅವರು ಮೊದಲ ನಿರ್ದೇಶಕರು. ಇಲ್ಲಿ ಸಂಸ್ಥೆಯು ಕೆಲಸವನ್ನು ಗೊತ್ತುಪಡಿಸಿ ಜನರನ್ನು ಕರೆಯುವುದಿಲ್ಲ. ವಿದ್ವಾಂಸನನ್ನು ಆರಿಸಿ, ಅವನು ತಾನೇ ಆಯ್ದುಕೊಂಡ ವಿಷಯದಲ್ಲಿ ಸ್ವಲ್ಪ ಕಾಲ ನಿಶ್ಚಿಂತೆಯಿಂದ ಮಗ್ನನಾಗಲು ಬಿಡುತ್ತದೆ. ಅವನು ತನ್ನ ವಿಚಾರವನ್ನು ಸಹವಿದ್ವಾಂಸರ ಮುಂದೆ ಗೋಷ್ಠಿಯಲ್ಲಿ ಮಂಡಿಸಬೇಕು. ಅವಧಿ ಮುಗಿದಾಗ ಒಂದು ಪ್ರಬಂಧಗ್ರಂಥವನ್ನು ಒಪ್ಪಿಸಬೇಕು. ಕನ್ನಡದ ವಿಮರ್ಶಕ ಡಿ. ಆರ್. ನಾಗರಾಜರು 1993-94ರಲ್ಲಿ ಅಲ್ಲಿ ಫೆಲೋ ಆಗಿದ್ದರು. 1998ರಲ್ಲಿ ಅವರು ಅಕಾಲಿಕವಾಗಿ ತೀರಿಕೊಂಡ ಮೇಲೆ 'ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ' 1999ರಲ್ಲಿ ಹೊರಬಂದಿತು. ಅದರ ನಿಲುವುಗಳನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ಅಲ್ಲಮರನ್ನು ಕಾಶ್ಮೀರ ಶೈವ ಮೊದಲಾದ ವಿಶಾಲವಾದ ಶೈವ ಚಿಂತನೆಯ ಹಿನ್ನೆಲೆಯಲ್ಲಿಟ್ಟು ಪ್ರಶ್ನಿಸುವ ಅಂಥ ಬರವಣಿಗೆಗೆ ದೀರ್ಘವಾದ ಓದೂ ಬಿಡುವೂ ಬೇಕೆಂಬುದನ್ನು ಒಪ್ಪಲೇಬೇಕು.

ಹೀಗೆ ಪುಣೆಯದು ಕಾರ್ಯಪ್ರಧಾನ ಮಾದರಿ, ಸಿಮ್ಲಾದ್ದು ವ್ಯಕ್ತಿಪ್ರಧಾನ ಮಾದರಿ. ವ್ಯಾಖ್ಯಾನಕ್ಕೂ ತತ್ತ್ವಚಿಂತನೆಗೂ ಎರಡನೆಯದು ಒಳ್ಳೆಯದು. ಆಕರಗಳ ಸಂಪಾದನೆಗೆ ಮೊದಲನೆಯದೇ ಬೇಕು. ಒಂದೆರಡು ವರ್ಷಗಳ ಫೆಲೋಶಿಪ್ಪಿನಲ್ಲಿ ಸಾವಿರ ಓಲೆಗರಿಯ ಕಟ್ಟುಗಳನ್ನು ತಾಳೆನೋಡುವುದು ಯಾರಿಂದಲೂ ಸಾಧ್ಯವಲ್ಲ. ಕಾಲಾವಧಿ ಚಿಕ್ಕದಾದಾಗ ವಿದ್ವಾಂಸನು ಸಹಜವಾಗಿ ಅವಧಿಯಲ್ಲಿ ಮುಗಿಯುವಂಥ ವಿಷಯವನ್ನೇ ಆರಿಸಿಕೊಳ್ಳುತ್ತಾನೆ. ಮುದ್ರಿತ ಪಾಠವನ್ನೇ ಪ್ರಮಾಣವೆಂದು ಹಿಡಿದು ಅದರ ಮೇಲೆ ವ್ಯಾಖ್ಯಾನ ಬರೆಯುತ್ತಾನೆ. ಆ ಮುದ್ರಿತ ಪಾಠವೇ ಸಂದಿಗ್ಧವಾಗಿದ್ದರೆ ಅವನ ಕಟ್ಟಡದ ಗತಿಯೇನು? ವಚನಾಧ್ಯಯನದಲ್ಲಿ ಇಂದು ಈ ಪ್ರಶ್ನೆ ಕೇವಲ ಊಹೆಯದಲ್ಲ.

ವಚನಗಳ ಪ್ರಕಟಣೆಯ ಇತಿಹಾಸ ನಿಜಕ್ಕೂ ಹೆಮ್ಮೆಪಡುವಂಥದು. ಸಂಸ್ಥೆಯ ಬಲವಿಲ್ಲದೆ, ವಿಜಾಪುರದಲ್ಲಿ ವಕೀಲಿ ವೃತ್ತಿ ಮಾಡುತ್ತಿದ್ದ ಹಳಕಟ್ಟಿಯವರು ತಾವೇ ಸಂಸ್ಥೆಯಾದರು. ಊರೂರು ಅಲೆದು ಓಲೆಗರಿ ಕೂಡಿಸಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿದರು, ಸ್ವಂತ ಮುದ್ರಣಾಲಯವನ್ನೂ ನಡೆಸಿದರು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. ಕರ್ನಾಟಕ ವಿಶ್ವವಿದ್ಯಾಲಯವು ಹಲವು ಶರಣರ ವಚನಸಂಪುಟಗಳನ್ನೂ, 1965ರಿಂದ 1972ರ ಅವಧಿಯಲ್ಲಿ ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದದ ಐದು ಸಂಪುಟಗಳನ್ನೂ ಪ್ರಕಟಿಸಿತು. ಗದಗಿನ ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆ, 1964ರಲ್ಲಿ ಬಿ. ಡಿ. ಜತ್ತಿಯವರು ಸ್ಥಾಪಿಸಿದ ಬೆಂಗಳೂರಿನ ಬಸವ ಸಮಿತಿ ಮೊದಲಾದವು ತಮ್ಮ ಕಾಣಿಕೆಯನ್ನು ಸಲ್ಲಿಸಿದವು. ಕೊನೆಗೆ 1993ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಸಮಗ್ರ ವಚನ ಸಂಪುಟದ 15 ಸಂಪುಟಗಳನ್ನು ಹೊರತಂದಿತು. ಹದಿನಾಲ್ಕರಲ್ಲಿ ವಚನಗಳು, ಹದಿನೈದನೆಯದು ಪರಿಭಾಷಾಕೋಶ. 20,000ಕ್ಕೂ ಮಿಕ್ಕ ವಚನಗಳು ಒಂದೆಡೆ ಅಗ್ಗದ ಬೆಲೆಗೆ ದೊರೆತದ್ದು ಸಾಮಾನ್ಯ ಸಾಧನೆಯಲ್ಲ.

ಆದರೂ ಸಮಗ್ರತೆ ಬೇರೆ, ಪಾಠಶುದ್ಧಿಯ ಪರೀಕ್ಷೆ ಬೇರೆ. ಜನಪ್ರಿಯ ಆವೃತ್ತಿಯ ಉದ್ದೇಶ ವಚನವನ್ನು ಮನೆಮನೆಗೆ ಮುಟ್ಟಿಸುವುದು. ಪುಣೆಯ ಆವೃತ್ತಿಯಂತೆ ಪ್ರತಿಯೊಂದು ವಚನದ ಕೆಳಗೂ, ಇದು ಯಾವ ಯಾವ ಕಟ್ಟಿನಲ್ಲಿದೆ, ಎಲ್ಲಿ ಯಾವ ಪಾಠವಿದೆ, ಯಾವ ಪ್ರತಿಯಲ್ಲಿ ಬೇರೆ ಅಂಕಿತವಿದೆ ಎಂಬುದನ್ನು ಸಂಪೂರ್ಣವಾಗಿ ಕೊಡುವ ಆವೃತ್ತಿ ಇಡೀ ವಚನ ವಾಙ್ಮಯಕ್ಕೆ ಇನ್ನೂ ಸಿದ್ಧವಾಗಬೇಕಾಗಿದೆ. ವಚನಗಳು ಹನ್ನೆರಡನೆಯ ಶತಮಾನದವು. ನಮಗೆ ದೊರೆತಿರುವ ಹಸ್ತಪ್ರತಿಗಳು ಅದಕ್ಕೆ ಶತಮಾನಗಳಷ್ಟು ಈಚಿನವು. ನಡುವೆ ಎಷ್ಟು ಬಾಯಿಗಳು, ಎಷ್ಟು ಕೈಗಳು! ಶೂನ್ಯಸಂಪಾದನೆಯೊಂದರಲ್ಲಿಯೇ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರು ಸಂಕಲನಕಾರರಿದ್ದಾರೆ. ಒಂದೇ ವಚನವು ಒಬ್ಬರಲ್ಲಿ ಒಂದು ಸಂದರ್ಭದಲ್ಲಿಯೂ ಇನ್ನೊಬ್ಬರಲ್ಲಿ ಇನ್ನೊಂದು ಸಂದರ್ಭದಲ್ಲಿಯೂ ಬಂದಾಗ ಅದರ ಅರ್ಥವೇ ಬೇರೆ ದಿಕ್ಕಿಗೆ ಹೊರಳುತ್ತದೆ. ಷಟ್ಸ್ಥಲದ ಚೌಕಟ್ಟಿನಲ್ಲಿ ಅಳವಡಿಸಿದವರು ಬೇರೆ, ಹಾಡಿಗೆ ಅಳವಡಿಸಿದವರು ಬೇರೆ. ಇವನ್ನೆಲ್ಲ ಬಿಡಿಸಿ ತೋರಿಸದೆ ಶರಣರ ನಿಲುವನ್ನು ಖಚಿತವಾಗಿ ಹೇಳುವುದು ಸಾಹಸವೇ ಸರಿ.

ಪಾಠದ ಪ್ರಶ್ನೆ ಕೇವಲ ಪಂಡಿತರದೆಂದು ಭಕ್ತರು ಭಾವಿಸಬಾರದು. ಬಸವಣ್ಣನವರ ವಚನಗಳ ಸಂಗ್ರಹವೊಂದರಲ್ಲಿ 'ಕೂಡಲಸಂಗಮದೇವ' ಎಂಬ ಅಂಕಿತದ ಬದಲು 'ಲಿಂಗದೇವ' ಎಂದು ಮುದ್ರಿಸಿದ್ದರಿಂದ ಎದ್ದ ವಿವಾದ ನಾಡಿಗೆ ತಿಳಿದದ್ದೇ. 1998ರಲ್ಲಿ ಸರಕಾರ ಆ ಗ್ರಂಥವನ್ನು ನಿಷೇಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ಎತ್ತಿಹಿಡಿಯಿತು. ತೀರ್ಪಿನ ಗುಣದೋಷ ಇಲ್ಲಿ ವಿಚಾರಣೀಯವಲ್ಲ. ಅಂಕಿತವೆಂಬುದು ವಚನದ ಜೀವ. ಅದನ್ನು ಮುಟ್ಟುವ ಮೊದಲು ಹಸ್ತಪ್ರತಿಗಳು ಏನು ಹೇಳುತ್ತವೆಯೆಂದು ತೋರಿಸಬೇಕಾಗಿತ್ತು. ಸರ್ವರೂ ನೋಡಬಹುದಾದಂತೆ ಪಾಠಾಂತರಗಳೆಲ್ಲ ಪ್ರಕಟವಾಗಿದ್ದರೆ ಇಂಥ ಪ್ರಶ್ನೆಗಳು ವಿದ್ವಾಂಸರ ಗೋಷ್ಠಿಯಲ್ಲಿಯೇ ಬಗೆಹರಿಯುವ ಸಂಭವ ಹೆಚ್ಚು. ಗೋಷ್ಠಿ ಮಾಡಬೇಕಾದ ಕೆಲಸವನ್ನು ಮಾಡದಿದ್ದಾಗ ಅದು ನ್ಯಾಯಾಲಯದ ಪಾಲಾಗುತ್ತದೆ.

ಕೆಲವೊಮ್ಮೆ ಅದಕ್ಕಿಂತಲೂ ಕೆಟ್ಟದಾಗುತ್ತದೆ. 2004ರ ಜನವರಿ 5ರಂದು ಗುಂಪೊಂದು ಪುಣೆಯ ಸಂಸ್ಥೆಯೊಳಗೆ ನುಗ್ಗಿ ಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ಹಾಳುಗೆಡವಿತು. ಶಿವಾಜಿ ಮಹಾರಾಜರನ್ನು ಕುರಿತು ವಿದೇಶೀ ಲೇಖಕರೊಬ್ಬರು ಬರೆದ ಪುಸ್ತಕದಲ್ಲಿ ಆ ಸಂಸ್ಥೆಗೆ ಸಂಬಂಧಪಟ್ಟ ಕೆಲವರಿಗೆ ಕೃತಜ್ಞತೆ ಹೇಳಿದ್ದೇ ಅದಕ್ಕೆ ನೆಪ. ಸಮಗ್ರ ವಚನ ಸಂಪುಟದ ಪ್ರಧಾನ ಸಂಪಾದಕರಾಗಿದ್ದ ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಲ್ಲಲಾಯಿತು. ಈ ಎರಡು ಘಟನೆಗಳ ಕಾರಣಗಳು ಬೇರೆ ಬೇರೆ. ಆದರೆ ಓಲೆಗರಿಯೂ ಅದನ್ನು ಓದುವ ಮನುಷ್ಯನೂ ಎಷ್ಟು ಸುಲಭವಾಗಿ ಇಲ್ಲವಾಗಬಲ್ಲರು ಎಂಬುದನ್ನು ಎರಡೂ ತೋರಿಸಿದವು. ಒಬ್ಬ ವಿದ್ವಾಂಸನ ತಲೆಯಲ್ಲಿಯೇ ಇದ್ದ ತಿಳಿವಳಿಕೆ ಅವನೊಂದಿಗೆ ಹೋಗುತ್ತದೆ. ಒಂದೇ ಪ್ರತಿಯಾಗಿ ಉಳಿದಿದ್ದ ಗ್ರಂಥ ಒಂದೇ ಬೆಂಕಿಗೆ, ಒಂದೇ ಗೆದ್ದಲಿಗೆ ಆಹುತಿಯಾಗುತ್ತದೆ. ಆದಕಾರಣ ಪ್ರಕಟಣೆಯನ್ನು ಸಂಸ್ಥೆಯ ಅಲಂಕಾರವೆಂದಲ್ಲ, ಜ್ಞಾನದ ರಕ್ಷಣೆಯೆಂದೇ ತಿಳಿಯಬೇಕು.

ಪುಣೆಯ ಮಾದರಿಯನ್ನು ಹಾಗೆಯೇ ಎತ್ತಿ ವಚನಗಳಿಗೆ ಹಚ್ಚಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆ ಆವೃತ್ತಿಯ ಬಗೆಗೂ ಗಂಭೀರವಾದ ಆಕ್ಷೇಪಗಳಿವೆ. ಫ್ರಾನ್ಸಿನ ಸಿಲ್ವೆಂ ಲೆವಿ ಅವರು ನೀಲಕಂಠನ ಪ್ರಚಲಿತ ಪಾಠವನ್ನೇ ಮುದ್ರಿಸಿ ಪಾಠಾಂತರಗಳನ್ನು ಕೆಳಗೆ ಕೊಟ್ಟರೆ ಸಾಕೆಂದರು. ಅದೇ ದೇಶದ ಮಡ್ಲೇನ್ ಬಿಯಾರ್ಡೋ ಅವರು, ಬಾಯಿಂದ ಬಾಯಿಗೆ ಹರಿದುಬಂದ ಕೃತಿಗೆ ಏಕೈಕ ಮೂಲಪಾಠವನ್ನು ಹುಡುಕುವುದೇ ಸರಿಯಲ್ಲವೆಂದು ವಾದಿಸಿದರು. ಈ ಆಕ್ಷೇಪ ವಚನಗಳಿಗೆ ಇನ್ನಷ್ಟು ಅನ್ವಯಿಸುತ್ತದೆ. ವಚನ ಒಂದೊಂದೂ ಸ್ವತಂತ್ರ. ಅವುಗಳಿಗೆ ಪರ್ವ, ಅಧ್ಯಾಯಗಳ ಅನುಕ್ರಮವಿಲ್ಲ. ಹಾಡುವವನ ಕಂಠದಲ್ಲಿ ಅವು ನಿತ್ಯ ಮರುಹುಟ್ಟು ಪಡೆಯುತ್ತವೆ. ಆದ್ದರಿಂದ ಒಂದು ಪಾಠಕ್ಕೆ ಪಟ್ಟಗಟ್ಟುವುದಕ್ಕಿಂತ, ಪ್ರತಿಯೊಂದು ಹಸ್ತಪ್ರತಿಯ ಸಾಕ್ಷ್ಯವನ್ನೂ ಅದರ ಸಂಕಲನದ ಸಂದರ್ಭದೊಡನೆ ಮುಂದಿಡುವ ಆವೃತ್ತಿ ನಮಗೆ ಹೆಚ್ಚು ಉಚಿತವೆನಿಸುತ್ತದೆ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಬಂದು ಅರ್ಧ ಶತಮಾನಕ್ಕೂ ಮೇಲಾಯಿತು. ಕಲಬುರ್ಗಿಯವರೂ ಆ ಶಾಸ್ತ್ರವನ್ನು ಕುರಿತು ಬರೆದರು. ಶಾಸ್ತ್ರದ ಕೊರತೆ ನಮಗಿಲ್ಲ. ಅದನ್ನು ನಡೆಸುವ ಸ್ಥಿರವಾದ ವ್ಯವಸ್ಥೆಯ ಕೊರತೆ ಇದೆ.

ಆಕರ ಒಮ್ಮೆ ಗಟ್ಟಿಯಾದರೆ ಅದರ ಫಲ ಎಷ್ಟು ದೂರ ಮುಟ್ಟುತ್ತದೆಯೆಂಬುದಕ್ಕೂ ಪುಣೆಯೇ ಸಾಕ್ಷಿ. ಅಲ್ಲಿಯ ಪಾಠವನ್ನು ಜಪಾನಿನ ಮುನೆಒ ತೊಕುನಾಗ ಅವರು ಕಂಪ್ಯೂಟರಿಗೆ ಅಳವಡಿಸಿದರು. ಇಂಗ್ಲೆಂಡಿನ ಜಾನ್ ಸ್ಮಿತ್ ಅದನ್ನು ತಿದ್ದಿ ಉತ್ತಮಪಡಿಸಿದರು. ಬಿಬೇಕ್ ದೇವರಾಯ್ ಅವರು ಅದೇ ಪಾಠವನ್ನು ಆಧರಿಸಿ 2010ರಿಂದ 2014ರೊಳಗೆ ಹತ್ತು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದರು. ಸುಖಠಣಕರರ ಕಾಲದಲ್ಲಿ ಹಾಳೆಯ ಮೇಲೆ ಅಕ್ಷರ ನಮೂದಿಸಿದ ಸಹಾಯಕನಿಗೆ ಇವರಾರ ಹೆಸರೂ ತಿಳಿದಿರಲಿಲ್ಲ. ಯಾರಿಗೆ ಮುಟ್ಟುವುದೆಂದು ಕೇಳದೆ ನೀಡುವ ಇಂಥ ದಾನವನ್ನು ನಮ್ಮ ಹಿರಿಯರು ದಾಸೋಹವೆಂದು ಕರೆದರು. ವಚನಗಳೂ ಇಂದು ಅನೇಕ ಭಾಷೆಗಳಿಗೆ ಅನುವಾದಗೊಳ್ಳುತ್ತಿವೆ. ಬಸವ ಸಮಿತಿಯ ಬಹುಭಾಷಾ ಯೋಜನೆ ಇದಕ್ಕೆ ಉದಾಹರಣೆ. ಅನುವಾದ ಹಬ್ಬಿದಷ್ಟೂ ಮೂಲಪಾಠದ ಒಂದು ತಪ್ಪು ಹತ್ತು ಭಾಷೆಗಳಲ್ಲಿ ಹತ್ತು ತಪ್ಪಾಗುತ್ತದೆ. ಹಾಗಾಗಿ ಪಾಠಶುದ್ಧಿಯ ಅವಶ್ಯಕತೆ ಹಿಂದೆಂದಿಗಿಂತಲೂ ಇಂದು ಹೆಚ್ಚು.

ಇನ್ನು ನಮ್ಮ ಶ್ರೀಮಠಗಳ ಹಾಗೂ ಸಂಸ್ಥೆಗಳ ಎದುರಿಗೆ ಒಂದು ಬಿನ್ನಹ. ಮಠಗಳಲ್ಲಿ ಜಯಂತಿ, ಪುಣ್ಯಸ್ಮರಣೆ, ಶತಮಾನೋತ್ಸವಗಳು ವೈಭವದಿಂದ ಜರುಗುತ್ತವೆ. ಜೊತೆಗೆ ವಿಚಾರಗೋಷ್ಠಿಯೂ ಸ್ಮರಣ ಸಂಚಿಕೆಯೂ ಇರುತ್ತವೆ. ಅವು ಬೇಡವೆಂದು ಹೇಳುವುದು ಉದ್ಧಟತನವಾದೀತು. ಭಕ್ತಸಮುದಾಯವನ್ನು ಕೂಡಿಸುವ ಶಕ್ತಿ ಅವಕ್ಕಿದೆ. ಆದರೆ ಅದೇ ಗೋಷ್ಠಿಗಳಲ್ಲಿ ಅದೇ ಉಪನ್ಯಾಸ ಊರಿಂದೂರಿಗೆ ಪುನರಾವರ್ತನೆಯಾಗುವುದನ್ನು ಬಲ್ಲವರು ಬಲ್ಲರು. ಒಂದು ಉತ್ಸವದ ವೆಚ್ಚದ ಕಿರಿದಾದ ಭಾಗವನ್ನು ಪ್ರತಿವರ್ಷ ತೆಗೆದಿರಿಸಿದರೆ, ಹಳಗನ್ನಡವನ್ನೂ ಓಲೆಗರಿಯ ಮೋಡಿ ಅಕ್ಷರವನ್ನೂ ಓದಬಲ್ಲ ಒಬ್ಬಿಬ್ಬರು ತರುಣರನ್ನು ಐದು ವರ್ಷ ಪೋಷಿಸಬಹುದು. ಅವರಿಗೆ ಕೊಡುವ ವೇತನಕ್ಕೆ ಒಂದೇ ಕರಾರು ಇರಲಿ: ವರ್ಷಕ್ಕೆ ಇಷ್ಟು ಕಟ್ಟುಗಳ ವಿವರಣಾತ್ಮಕ ಸೂಚಿ, ಇಷ್ಟು ವಚನಗಳ ಪಾಠಾಂತರ ಸಂಗ್ರಹ. ವರ್ಷಾಂತ್ಯದ ಗೋಷ್ಠಿಯಲ್ಲಿ ಅವರು ಭಾಷಣ ಮಾಡದೆ ತಮ್ಮ ಹಾಳೆಗಳನ್ನು ಹಿರಿಯರ ಮುಂದೆ ಹರಡಲಿ, ಹಿರಿಯರು ತಿದ್ದಲಿ. ಒಂದು ಮಠದಲ್ಲಿರುವ ಕಟ್ಟು ಇನ್ನೊಂದು ಮಠದ ಸಂಪಾದಕನಿಗೆ ಛಾಯಾಪ್ರತಿಯ ರೂಪದಲ್ಲಾದರೂ ದೊರೆಯಲಿ. ಪೂಜೆಯ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಓಲೆಗೆ ಅರಿಸಿನ ಕುಂಕುಮ ದೊರೆಯುತ್ತದೆ, ಓದು ದೊರೆಯುವುದಿಲ್ಲ.

ಹೀಗಾದಲ್ಲಿ ಮೂರು ಕಾರ್ಯಗಳೂ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ. ಸಂಶೋಧನ ವೇತನವು ಕೆಲಸವನ್ನು ಸಾಗಿಸುತ್ತದೆ. ಗೋಷ್ಠಿಯು ಅದನ್ನು ಪರೀಕ್ಷಿಸುತ್ತದೆ. ಪ್ರಕಟಣೆಯು ಅದನ್ನು ಲೋಕಕ್ಕೆ ಒಪ್ಪಿಸಿ ಮುಂದಿನವರ ಪರೀಕ್ಷೆಗೆ ಬಿಡುತ್ತದೆ. ಸಂಸ್ಥೆಯೊಂದರ ವರದಿಯನ್ನು ಓದುವ ಭಕ್ತರೂ ವಿದ್ಯಾರ್ಥಿಗಳೂ ಎಷ್ಟು ಸಮಾರಂಭಗಳು ನಡೆದವೆಂಬುದನ್ನು ಎಣಿಸುವ ಬದಲು, ಎಷ್ಟು ಓಲೆಗಳನ್ನು ಓದಲಾಯಿತು, ಓದಿದವರು ಯಾರು, ಓದಿದ್ದು ಎಲ್ಲಿ ಮುದ್ರಿತವಾಗಿದೆ ಎಂದು ಕೇಳುವಂತಾಗಬೇಕು. ಮಹಾಭಾರತಕ್ಕೆ 47 ವರ್ಷ ಹಿಡಿಯಿತು. ವಚನಗಳಿಗೆ ಅಷ್ಟೇ ಹಿಡಿದರೂ ಹಿಡಿಯಲಿ. ಇಂದು ಪ್ರಾರಂಭಿಸಿದರೆ ನಮ್ಮ ಮುಂದಿನ ತಲೆಮಾರಿನವರಾದರೂ ಶರಣರ ಮಾತನ್ನು ಅದರ ಎಲ್ಲ ಸಾಕ್ಷ್ಯಗಳೊಡನೆ ಓದುವ ಭಾಗ್ಯವನ್ನು ಪಡೆಯುವರು.